ಗೇಟು ತೆಗೆಯುವವಳು

ಫೆಬ್ರವರಿ 3

ಗುಬ್ಬಿ,

ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ಅಪ್ಪ, ನಾನು, ಅಪ್ಪನ ಪಿಕಪ್ ಗಾಡಿ. ಗಾಡಿಯ ಮೂತಿ ಮಾತ್ರ ಮೊನ್ನೆಯಿಂದ ಸೊಟ್ಟಗಾಗಿದೆ. ಕೊಟ್ಟಿಗೆ ಪಕ್ಕದ ಗೇಟಿನ ಕಂಬಕ್ಕೆ ಗುದ್ದಿದ. ಕೇಳಿದರೆ, ‘ಆ ಕಂಬ ಯಾಕೆ ಅಲ್ಲಿ ನಿಂತಿತ್ತು?’ ಎನ್ನುತ್ತಾನೆ. ನೀನು ಹುಟ್ಟುವ ಮೊದಲಿನಿಂದ ಅದು ಅಲ್ಲೇ ನಿಂತಿದೆ.

ಗುಬ್ಬಿ ಎಂದು ಕರೆಯುವುದು ಅಪ್ಪನ ಹಕ್ಕು. ಆದರೂ ಬರೆದೆ. ಫೋನು ಮಾಡದೆ ಕಾಗದ ಯಾಕೆ ಎಂದು ಹುಬ್ಬೇರಿಸಬೇಡ. ಗುಡ್ಡದ ಈಚೆ ಮೊಬೈಲು ಹತ್ತುವುದಿಲ್ಲ, ಮನೆಯ ಫೋನು ಇರುವುದು ಅಪ್ಪನ ಮಂಚದ ಪಕ್ಕ. ಅವನ ಕಿವಿ ಎಷ್ಟು ಚುರುಕೆಂದು ನಿನಗೆ ಗೊತ್ತು.

ವಿಷಯಕ್ಕೆ ಬರುತ್ತೇನೆ. ಅಪ್ಪ ಗಾಡಿ ಓಡಿಸುವುದನ್ನು ಬಿಡಬೇಕು. ಎಪ್ಪತ್ತೆಂಟು ದಾಟಿತು. ಹೋದ ವಾರ ಪಕ್ಕದ ಕುರಿ ಫಾರ್ಮಿನವನು ಅಂಗಳಕ್ಕೇ ಬಂದು, ‘ಅಕ್ಕಾ, ನಿಮ್ಮಪ್ಪ ನನ್ನ ಕುರಿ ಮೇಲೆ ಗಾಡಿ ಹತ್ತಿಸ್ತಿದ್ರು. ಕುರಿ ಹೋದ್ರೆ ಹೋಗ್ಲಿ, ಅದರ ಹಿಂದೆ ನಾನಿದ್ದೆ’ ಅಂದ. ಅಪ್ಪ ಒಳಗಿಂದಲೇ, ‘ಕುರಿ ಯಾವ್ದು, ನೀನ್ಯಾವ್ದು ಅಂತ ನಂಗೆ ಗೊತ್ತಾಗತ್ತೆ ಕಣೋ. ಕುರಿಗೆ ಬುದ್ಧಿ ಇರತ್ತೆ’ ಎಂದು ಕೂಗಿದ. ಕುರಿಯವನು ನಗಲಿಲ್ಲ.

ನಮ್ಮ ಜಾಗವೋ, ನೀನು ಮರೆತಿರಲಾರೆ. ರಸ್ತೆಯ ಈಚೆ ಮನೆ, ಕೊಟ್ಟಿಗೆ, ಚಿಕ್ಕ ಹುಲ್ಲುಗಾವಲು. ಆಚೆ ದೊಡ್ಡ ಹುಲ್ಲುಗಾವಲು, ಅಲ್ಲಿ ದನದ ಹಿಂಡು. ದಿನಾ ಬೆಳಿಗ್ಗೆ ಹಿಂಡಿ ಮೂಟೆ, ಹುಲ್ಲಿನ ಕಟ್ಟು ಹೇರಿಕೊಂಡು ಆ ಡಾಂಬರು ರಸ್ತೆ ದಾಟಲೇಬೇಕು. ಕಲ್ಲು ತುಂಬಿದ ಲಾರಿಗಳು ಇಳಿಜಾರಿನಲ್ಲಿ ಹೇಗೆ ಬರುತ್ತವೆ ಎಂದು ನಿನಗೆ ನಾನು ಹೇಳಬೇಕೆ?

ನನಗೆ ಓಡಿಸಲು ಬರುವುದಿಲ್ಲ. ನಿನ್ನನ್ನು ಹನ್ನೆರಡನೇ ವರ್ಷಕ್ಕೇ ಸ್ಟೇರಿಂಗ್ ಮುಂದೆ ಕೂರಿಸಿದ. ನನಗಾಗ ಹದಿನೆಂಟು. ‘ದೊಡ್ಡವಳು ಗೇಟು ತೆಗೀಲಿ’ ಅಂದ. ಆವತ್ತಿನಿಂದ ತೆಗೆಯುತ್ತಲೇ ಇದ್ದೇನೆ, ಈಗ ಐವತ್ತಾಯಿತು. ಮನೆಗೆ ಯಾರೇ ಬರಲಿ, ‘ನನ್ನ ಕಿರಿ ಮಗಳು ಪಟ್ಟಣದಲ್ಲಿ ಬಸ್ ಓಡಿಸ್ತಾಳೆ’ ಎನ್ನುತ್ತಾನೆ. ಅವರ ಮುಂದೆ ಚಹಾ ತಂದಿಡುವವಳು ಯಾರೆಂದು ಅವರೇ ಕೇಳಿ ತಿಳಿದುಕೊಳ್ಳಬೇಕು.

ನಿನ್ನ ಮಾತನ್ನು ಅವನು ತೆಗೆದುಹಾಕುವುದಿಲ್ಲ. ಭಾನುವಾರ ನಿನ್ನ ಫೋನು ಬಂದರೆ ಅವನು ನಗುವುದು ಕೊಟ್ಟಿಗೆವರೆಗೆ ಕೇಳುತ್ತದೆ. ಏನು ಮಾತಾಡುತ್ತೀರೋ, ಯಾರ ಬಗ್ಗೆ ನಗುತ್ತೀರೋ, ನಾನು ಯಾವತ್ತೂ ಕೇಳಿದವಳಲ್ಲ. ಈ ಭಾನುವಾರ ಒಂದು ಮಾತು ಹೇಳು: ಗಾಡಿ ಕೀ ಅಕ್ಕನ ಕೈಗೆ ಕೊಡು ಅಂತ.

ದೇವರು ನಿನ್ನನ್ನು ರಸ್ತೆಯ ಮೇಲೆ ಕಾಯಲಿ.

ಅಕ್ಕ


ಫೆಬ್ರವರಿ 15

ಅಕ್ಕಾ,

ನಿನ್ನ ಕಾಗದವನ್ನು ಡಿಪೋದ ಟೈಂಕೀಪರ್ ಎಲ್ಲರೆದುರು ಎತ್ತಿ ಹಿಡಿದು, ‘ಯಾರಮ್ಮಾ ಈ ಕಾಲದಲ್ಲಿ ಕಾಗದ ಬರೆಯೋರು?’ ಎಂದು ಕೇಳಿದ. ‘ನಮ್ಮಕ್ಕ ಕಣ್ರೀ. ಫೋನಲ್ಲಿ ಬೈದ್ರೆ ಗಾಳೀಲಿ ಹೋಗತ್ತೆ, ಕಾಗದದಲ್ಲಿ ಬೈದ್ರೆ ತಿರುಗಿ ತಿರುಗಿ ಓದ್ಬಹುದು’ ಅಂದೆ. ಒಪ್ಪಿಕೊಂಡ.

ಅಪ್ಪನ ಹತ್ತಿರ ಮಾತಾಡಿದೆ. ಕಂಬದ ಕಥೆಯನ್ನು ಅವನೇ ಹೇಳಿ ನನ್ನನ್ನು ನಗಿಸಿದ. ಕೀ ವಿಷಯ ಅಷ್ಟು ಸುಲಭವಲ್ಲ ಅಕ್ಕಾ. ಆ ಗಾಡಿ ಅವನ ಎರಡು ಕಾಲಿದ್ದ ಹಾಗೆ. ನೀನು ಮೊದಲಿನಿಂದಲೂ ಸ್ವಲ್ಪ ಪುಕ್ಕಲಿ, ಕೋಪ ಮಾಡ್ಕೋಬೇಡ. ನಾನು ಬೆಳಿಗ್ಗೆಯಿಂದ ಸಂಜೆವರೆಗೆ ನೋಡುವ ಡ್ರೈವರುಗಳಲ್ಲಿ ಅಪ್ಪನಿಗಿಂತ ಕೆಟ್ಟವರು ಬೇಕಾದಷ್ಟು ಜನ ಇದ್ದಾರೆ, ಅವರೆಲ್ಲ ಮೂವತ್ತರ ಒಳಗಿನವರು.

ಅಷ್ಟು ಕಷ್ಟವಾಗಿದ್ದರೆ ಹಿಂಡು ಮಾರಿಬಿಡಿ. ಅಪ್ಪ ನನ್ನ ಹತ್ತಿರ ಬಂದಿರಲಿ. ನನ್ನ ಮನೆ ಒಂದೇ ಕೋಣೆ, ಆದರೂ ಕಿಟಕಿ ರಸ್ತೆಗಿದೆ. ಗಾಡಿ ಸದ್ದು ಕೇಳುತ್ತಾ ಕೂರಬಹುದು.

ಅವನಿಗೊಂದು ಕಪ್ಪು ಕನ್ನಡಕ ಕಳಿಸಿದ್ದೇನೆ. ಬಿಸಿಲು ಕಣ್ಣಿಗೆ ಕುಕ್ಕಿ ಕಂಬ ಕಂಡಿರಲಿಕ್ಕಿಲ್ಲ.

ಒಂದು ಮಾತು ಹೇಳಲೇ? ದಿನಾ ಅಪ್ಪನ ಪಕ್ಕ ಕೂತು ಹೋಗುವವಳು ನೀನು. ನನ್ನ ಬೆನ್ನ ಹಿಂದೆ ಬಸ್ ತುಂಬ ಜನ ಕೂರುತ್ತಾರೆ, ಒಬ್ಬರೂ ನನ್ನವರಲ್ಲ.

ನಿನ್ನ ತಂಗಿ


ಮಾರ್ಚ್ 2

ತಂಗಿ,

ಕನ್ನಡಕ ಬಂತು. ಕೊಟ್ಟಿಗೆಯ ಕತ್ತಲಲ್ಲೂ ಹಾಕಿಕೊಂಡು ತಿರುಗುತ್ತಾನೆ. ‘ಗುಬ್ಬಿ ಕಳಿಸಿದ್ದು’ ಎಂದು ದನಗಳಿಗೂ ಹೇಳಿ ಆಯಿತು. ನಾನು ಹೋದ ವರ್ಷ ಹೆಣೆದುಕೊಟ್ಟ ಸ್ವೆಟರು ಎಲ್ಲಿದೆ ಎಂದು ಕೇಳು, ಬಹುಶಃ ಕರುವಿನ ಕೆಳಗೆ ಹಾಸಿದ್ದಾನೆ.

ಅಪ್ಪನನ್ನು ಕರೆದುಕೊಂಡು ಹೋಗುವ ಮಾತು ಬೇಡ. ಕಿಟಕಿಯಲ್ಲಿ ಕೂರಿಸಿ ಸದ್ದು ಕೇಳಿಸಲು ಅವನೇನು ಪಂಜರದ ಹಕ್ಕಿಯೇ? ನಾನು ಕೇಳಿದ್ದು ಕೀ ವಿಷಯ. ಅದೊಂದು ಬಿಟ್ಟು ಉಳಿದ ಸಲಹೆಯನ್ನೆಲ್ಲ ಕೊಟ್ಟೆ.

ಇರಲಿ. ನಾನು ಹೋದ ಸಲ ಸ್ವಲ್ಪ ಹೆಚ್ಚೇ ಬರೆದೆನೇನೋ. ನಾನು ಪಕ್ಕದಲ್ಲಿದ್ದರೆ ಅಷ್ಟೇನೂ ಭಯವಿಲ್ಲ. ಒಬ್ಬನೇ ಹೋದಾಗ ಮಾತ್ರ ಕಂಬ, ಕುರಿ ಎಲ್ಲ ಅಡ್ಡ ಬರುವುದು. ಅದಕ್ಕೇ ಈಗ ಒಂಟಿಯಾಗಿ ಬಿಡುವುದಿಲ್ಲ. ಬೆಳಿಗ್ಗೆ ದೇವರಿಗೆ ಕೈಮುಗಿದು, ಹಾಲು ಕರೆದು, ನಾನು ಹೋಗಿ ಕೂತಮೇಲೆಯೇ ಗಾಡಿ ಶುರು. ಈಚೆ ಗೇಟು ತೆಗೆದು, ಹಾಕಿ, ಮತ್ತೆ ಹತ್ತಿ ಕೂರುತ್ತೇನೆ. ರಸ್ತೆ ದಾಟುತ್ತೇವೆ. ಆಚೆ ಗೇಟು. ಹುಲ್ಲಿನ ನಡುವೆ ನಿಲ್ಲಿಸಿ ಹಾರನ್ನು ಒತ್ತುತ್ತಾನೆ, ಒಂದು ಉದ್ದ, ಎರಡು ಗಿಡ್ಡ. ನಿನಗೆ ನೆನಪಿದೆಯೋ ಇಲ್ಲವೋ. ಎಲ್ಲೆಲ್ಲೋ ಇದ್ದ ದನಗಳು ತಲೆ ಎತ್ತಿ, ಒಂದರ ಹಿಂದೆ ಒಂದು ಇಳಿದು ಬರುತ್ತವೆ. ಆಗ ಅಪ್ಪ ನನ್ನ ಕಡೆ ತಿರುಗಿ, ‘ಎಲ್ಲಾ ಬಂದ್ವೇನೇ?’ ಎಂದು ಕೇಳುತ್ತಾನೆ. ನಾನು ಒಂದೊಂದರ ಹೆಸರು ಹೇಳುತ್ತೇನೆ. ಹಿಂದೆ ಅವನೇ ಎಣಿಸುತ್ತಿದ್ದ. ಈಗ ನನ್ನನ್ನು ಕೇಳುತ್ತಾನೆ.

ಬಸ್ಸಿನ ಸೀಟಿಗೆ ಇದನ್ನು ಹೋಲಿಸಬೇಡ. ಈ ಸೀಟಿನಲ್ಲಿ ಕೂರಲು ನಾನು ಮೂವತ್ತು ವರ್ಷ ಗೇಟು ತೆಗೆದಿದ್ದೇನೆ.

ನೀನು ಏನೂ ಹೇಳಬೇಡ ಅವನಿಗೆ. ನಾನು ನೋಡಿಕೊಳ್ಳುತ್ತೇನೆ.

ಅಕ್ಕ


ಮಾರ್ಚ್ 12

ಅಕ್ಕಾ,

ಮೊದಲು ಕೀ ಕಿತ್ತುಕೋ ಅಂದೆ, ಈಗ ಏನೂ ಹೇಳಬೇಡ ಅಂತೀಯ. ನಿನ್ನ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ಓದಿದೆ, ತಲೆಬುಡ ತಿಳಿಯಲಿಲ್ಲ. ರಜೆ ಕೇಳಿದ್ದೇನೆ, ಸಿಕ್ಕಿದೆ. ಈ ತಿಂಗಳ ಕೊನೆಗೆ ಬರುತ್ತೇನೆ. ಅಪ್ಪನಿಗೆ ಹೇಳಿಬಿಟ್ಟಿದ್ದೇನೆ, ಕುಣಿಯುವುದೊಂದು ಬಾಕಿ.

ನನಗೆ ಅಂತ ಏನೂ ವಿಶೇಷ ಮಾಡಬೇಡ. ಆ ಸೀಟಿನಲ್ಲಿ ಒಂದು ದಿನ ಕೂರಲು ಬಿಟ್ಟರೆ ಸಾಕು.

ಗುಬ್ಬಿ (ನೀನೇ ಕರೆದೆಯಲ್ಲ)


ಏಪ್ರಿಲ್ 9

ಅಕ್ಕಾ,

ಎಡಗೈಗೆ ಪ್ಲಾಸ್ಟರ್ ಹಾಕಿದ್ದಾರೆ, ಬಲಗೈ ಬರೆಯುತ್ತದೆ. ಡಿಪೋದಲ್ಲಿ ಎರಡು ತಿಂಗಳು ಟಿಕೆಟ್ ಕೌಂಟರಿಗೆ ಹಾಕಿದ್ದಾರೆ. ಬಸ್ಸಿನಲ್ಲಿ ಇಷ್ಟು ವರ್ಷ ಒಂದು ಗೀರೂ ಮಾಡಿಕೊಳ್ಳದವಳು ಅಪ್ಪನ ಪಿಕಪ್ಪಿನಲ್ಲಿ ಕೈ ಮುರಿದುಕೊಂಡೆ ಎಂದು ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಆಸ್ಪತ್ರೆಯಲ್ಲಿ ನೀನು ನನ್ನ ಮುಖ ನೋಡದೆ ಕೂತಿದ್ದೆಯಲ್ಲ, ಅದು ಮನಸ್ಸಿನಿಂದ ಹೋಗುತ್ತಿಲ್ಲ.

ನಡೆದದ್ದನ್ನು ನಾನು ಕಂಡ ಹಾಗೆ ಬರೆಯುತ್ತೇನೆ. ತಪ್ಪಿದ್ದರೆ ತಿದ್ದು.

ಅವತ್ತು ಬೆಳಿಗ್ಗೆ ನೀನು ಸೆರಗಿಗೆ ಕೈ ಒರೆಸುತ್ತಾ ಗಾಡಿ ಹತ್ತಿರ ಬಂದೆ. ಅಪ್ಪ, ‘ಇವತ್ತು ಗುಬ್ಬಿ ಕೂರ್ಲಿ, ನೀನು ಗೇಟು ಹಿಡಿ’ ಅಂದ. ನಾನು ಹತ್ತಿ ಕೂತೆ. ‘ನಾನೇ ಓಡಿಸ್ಲಾ ಅಪ್ಪಾ?’ ಎಂದು ಬಾಯಿ ಮಾತಿಗೆ ಕೇಳಿದೆ. ‘ನಿಂಗೆ ಕಲ್ಸಿದ್ದು ಯಾರೇ?’ ಅಂದ. ಸರಿ, ನೀನೇ ಓಡಿಸು ಮಹಾರಾಯ ಎಂದು ನಕ್ಕೆ. ಅವನಿಗೆ ಖುಷಿಯಾಗಲಿ ಅಂತ. ಅದು ನನ್ನ ತಪ್ಪು.

ನೀನು ಗೇಟು ತೆಗೆದು ನಿಂತೆ. ಗಾಡಿ ನಿನ್ನ ಪಕ್ಕದಲ್ಲೇ ದಾಟಿತು. ನೀನು ಬಾಯಿ ತೆರೆದೆ, ಮತ್ತೆ ಮುಚ್ಚಿದೆ. ಅದನ್ನು ನಾನು ಕಂಡೆ ಅಕ್ಕಾ.

ಅಪ್ಪ ಕುತ್ತಿಗೆಯನ್ನು ನನ್ನ ಕಡೆ ವಾಲಿಸಿಕೊಂಡಿದ್ದ. ನನ್ನ ಮಾತು ಕೇಳಲು ಹಾಗೆ ಕೂತಿದ್ದಾನೆ ಎಂದುಕೊಂಡು, ಬಸ್ಸಿನ ಇಲ್ಲಸಲ್ಲದ ಕಥೆಯನ್ನೆಲ್ಲ ಹೇಳುತ್ತಿದ್ದೆ. ಮುಂದೆ ಡಾಂಬರು ರಸ್ತೆ. ನಿಲ್ಲಿಸುತ್ತಾನೆ ಅಂದುಕೊಂಡೆ. ಇಳಿಜಾರಿನಲ್ಲಿ ಲಾರಿ ಬರುತ್ತಿತ್ತು, ಬೆಟ್ಟದಷ್ಟು ದೊಡ್ಡದು. ಯಾರಿಗಾದರೂ ಕಾಣಬೇಕು. ಅಪ್ಪ ನಿಲ್ಲಿಸಲೇ ಇಲ್ಲ. ಮುಖದಲ್ಲಿ ಗಾಬರಿಯೂ ಇಲ್ಲ.

ಆಗ ಹಿಂದಿನಿಂದ ನಿನ್ನ ಕೂಗು. ‘ಅಪ್ಪಾ, ನಿಲ್ಲೂ!’

ಲಾರಿ ನೋಡಿ ಅಲ್ಲ, ನಿನ್ನ ಕೂಗಿಗೆ ಅವನ ಕಾಲು ಬ್ರೇಕಿಗೆ ಹೋಯಿತು. ಯೋಚನೆಯೇ ಇಲ್ಲದೆ, ದಿನಾ ಹೋಗುವ ಹಾಗೆ ಹೋಯಿತು. ನಾನು ಸ್ಟೇರಿಂಗ್ ಎಳೆದೆ, ಮೋರಿಯ ಕಟ್ಟೆಗೆ ಹೋಗಿ ಬಡಿದೆವು. ಲಾರಿ ನಮ್ಮ ಕನ್ನಡಿಯನ್ನು ಕಿತ್ತುಕೊಂಡು ಹೋಯಿತು. ಹೊಗೆಯ ನಡುವೆ ಅಪ್ಪ ಹೇಳಿದ್ದು ಏನು ಗೊತ್ತೇ? ‘ದೊಡ್ಡವಳಾಗಿದ್ರೆ ಮೊದ್ಲೇ ಹೇಳ್ತಿದ್ಲು.’

ಅವನಿಗೆ ಎದುರಿನದು ಕಾಣುವುದಿಲ್ಲ, ಅಲ್ಲವೇ? ಎಷ್ಟು ದಿನದಿಂದ ನೀನು ಪಕ್ಕದಲ್ಲಿ ಕೂತು ಎಡ, ಬಲ, ನಿಲ್ಲು ಎಂದು ಹೇಳಿ ಓಡಿಸುತ್ತಿದ್ದೀಯ? ನಾನು ಆ ಸೀಟಿಗೆ ಹತ್ತುವಾಗ ಯಾಕೆ ಹೇಳಲಿಲ್ಲ?

ತಂಗಿ


ಏಪ್ರಿಲ್ 18

ತಂಗಿ,

ಉತ್ತರ ಬರೆಯಲು ಕೂತು ಎರಡು ಸಲ ಹರಿದೆ. ಸುಳ್ಳು ಬರೆಯಲು ದೇವರ ಭಯ, ನಿಜ ಬರೆಯಲು ನಿನ್ನ ಭಯ. ದೇವರ ಭಯವೇ ದೊಡ್ಡದು ಎಂದು ಕೂತಿದ್ದೇನೆ.

ಸುಗ್ಗಿಯ ಹೊತ್ತಿಗೆ ಅಪ್ಪನ ಕಣ್ಣು ಮಂಜಾಗಲು ಶುರುವಾಯಿತು. ಅಂಚು ಕಾಣುತ್ತದೆ, ನಡುವಿನದು ಕಾಣುವುದಿಲ್ಲ. ಕರುವಿಗೆ ಔಷಧ ಕೊಡಲು ಬಂದ ದನದ ಡಾಕ್ಟರೇ ಮೊದಲು ಕಂಡುಹಿಡಿದವರು. ‘ಯಜಮಾನ್ರೇ, ನೀವು ಹಸುವಾಗಿದ್ರೆ ನಾನು ಕಟ್ಟಿಹಾಕಿ ಅಂತಿದ್ದೆ’ ಅಂದರು. ಆಮೇಲೆ ಪೇಟೆಯ ಕಣ್ಣಿನ ಡಾಕ್ಟರೂ ಅದನ್ನೇ ಹೇಳಿದರು, ಇನ್ನು ತಿರುಗಿ ಬರುವುದಿಲ್ಲ ಎಂದರು. ವಾಪಸು ಬರುವಾಗ ಅಪ್ಪ, ‘ಗುಬ್ಬಿಗೆ ಹೇಳ್ಬೇಡ’ ಅಂದ. ನಿನಗೆ ಹೇಳದ ಒಂದು ಮಾತು ನಮ್ಮಿಬ್ಬರ ನಡುವೆ ಇದೆ ಎಂದು ನನಗೆ ಎಷ್ಟು ಸಂತೋಷವಾಯಿತು ಗೊತ್ತೇ? ಅಪ್ಪನ ಕಣ್ಣು ಹೋಗುತ್ತಿದೆ, ನನಗೆ ಸಂತೋಷ. ಅವತ್ತು ದೇವರ ಮುಂದೆ ಕೂತು ಎರಡಕ್ಕೂ ಒಟ್ಟಿಗೇ ಅತ್ತೆ.

ಮಾರನೇ ದಿನದಿಂದ ಅವನು ಸ್ಟೇರಿಂಗ್ ಹಿಡಿದ, ನಾನು ಕಣ್ಣಾದೆ. ‘ಸ್ವಲ್ಪ ಎಡಕ್ಕೆ ಅಪ್ಪಾ, ಹಳ್ಳ ಇದೆ. ನಿಲ್ಲು, ಲಾರಿ. ಈಗ ಹೋಗು.’ ನಾನು ಹೇಳಿದ ಹಾಗೆ ಅವನು ತಿರುಗುತ್ತಿದ್ದ. ಜೀವಮಾನದಲ್ಲಿ ನನ್ನ ಒಂದು ಮಾತು ಕೇಳದವನು! ಇದು ಸರಿಯಲ್ಲ, ಒಂದು ದಿನ ಯಾರದೋ ಜೀವ ಹೋಗುತ್ತದೆ ಎಂದು ಹೆದರಿಯೇ ನಿನಗೆ ಮೊದಲ ಕಾಗದ ಬರೆದೆ. ಬರೆದು ಪೆಟ್ಟಿಗೆಗೆ ಹಾಕಿದ ಮೇಲೆ ಹೊಳೆಯಿತು, ಕೀ ಹೋದರೆ ಆ ಸೀಟೂ ಹೋಗುತ್ತದಲ್ಲ.

ಅವತ್ತು ಗೇಟಿನಲ್ಲಿ ನಿನ್ನನ್ನು ಕೂಗಿ ಹೇಳಬೇಕೆಂದು ಬಾಯಿ ತೆರೆದದ್ದು ನಿಜ. ನೀನು ಕಿಟಕಿಗೆ ಮೊಣಕೈ ಊರಿ ನಗುತ್ತಿದ್ದೆ. ಒಂದೇ ದಿನಕ್ಕೆ ನನ್ನ ಜಾಗದಲ್ಲಿ ಕೂತು ರಾಣಿಯ ಹಾಗೆ ನಗುತ್ತಿದ್ದೆ. ನೀನಿಲ್ಲದೆ ಆಗುವುದಿಲ್ಲ ದೊಡ್ಡವಳೇ ಅಂತ ಅಪ್ಪನಿಗೆ ಒಂದು ಗಳಿಗೆ ಗೊತ್ತಾಗಲಿ ಅನಿಸಿತು. ಹಳ್ಳಕ್ಕೋ ಹುಲ್ಲಿಗೋ ಒಂದು ಚಕ್ರ ಇಳಿಯಲಿ, ಅಷ್ಟೇ. ಲಾರಿಯ ಯೋಚನೆ ನನಗೆ ಬರಲಿಲ್ಲ ಎಂದರೆ ನಂಬುತ್ತೀಯಾ? ಬಾಯಿ ಮುಚ್ಚಿದೆ. ಲಾರಿ ಕಂಡಾಗ ತೆರೆಯಿತು.

ಹೊಟ್ಟೆಕಿಚ್ಚು ಎಂದು ನಾನೇ ಬರೆಯುತ್ತೇನೆ, ನೀನು ಬರೆಯುವ ಮೊದಲು.

ಗಾಡಿಯನ್ನು ಮೆಕ್ಯಾನಿಕ್ ಸರಿಮಾಡಿ ತಂದು ನಿಲ್ಲಿಸಿದ್ದಾನೆ. ಕೀ ನನ್ನ ಸೊಂಟದಲ್ಲಿದೆ. ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಊಟ ಇಟ್ಟರೆ ಉಣ್ಣುತ್ತಾನೆ, ಕಪ್ಪು ಕನ್ನಡಕ ತೆಗೆಯುವುದಿಲ್ಲ. ಕುರಿಯವನು ದಿನಾ ಬಂದು ಆಚೆ ಕಡೆಗೆ ಮೇವು ಸಾಗಿಸಿಕೊಡುತ್ತಾನೆ, ಆದರೆ ಅವನ ಗಾಡಿಗೆ ನಮ್ಮ ದನ ಬರುವುದಿಲ್ಲ. ಗುಡ್ಡದ ಮೇಲೆ ನಿಂತು ಅವನನ್ನೇ ನೋಡುತ್ತವೆ. ಎರಡು ಹಸು ಸೊರಗಿವೆ.

ಅಪ್ಪನನ್ನು ನಿನ್ನ ಹತ್ತಿರ ಕಳಿಸು ಎಂದರೆ ಕಳಿಸುತ್ತೇನೆ. ಕೇಳುವ ಹಕ್ಕು ಈಗ ನಿನಗಿದೆ.

ಅಕ್ಕ


ಏಪ್ರಿಲ್ 30

ಅಕ್ಕಾ,

ಓದಿದ ಮೇಲೆ ನಾಲ್ಕು ದಿನ ನಿನ್ನ ಮೇಲೆ ಉರಿದುಬಿದ್ದೆ. ಐದನೇ ದಿನ ಟಿಕೆಟ್ ಕೌಂಟರಿನಲ್ಲಿ ಕೂತಿದ್ದಾಗ ನನ್ನ ಪಾಲಿನದೂ ಹೊರಗೆ ಬಂತು.

ಭಾನುವಾರ ನಾವು ಏನು ಮಾತಾಡುತ್ತೇವೆ ಎಂದು ನೀನು ಕೇಳಿದವಳಲ್ಲ, ನಾನೂ ಹೇಳಿದವಳಲ್ಲ. ಈಗ ಕೇಳು. ‘ದೊಡ್ಡವಳು ಕರು ತಿರುಗಿಸಿ ಎಳೆದ್ಲು ಕಣೇ, ಡಾಕ್ಟ್ರು ಬರೋಷ್ಟ್ರಲ್ಲಿ ಅದು ಎದ್ದು ನಿಂತಿತ್ತು.’ ‘ದೊಡ್ಡವಳು ಬೇಲಿ ಕಟ್ಟಿದ್ರೆ ಮುಗೀತು, ಗೂಳೀನೂ ವಾಪಸ್ಸು.’ ‘ಒಂದು ಸ್ವೆಟರ್ ಹೆಣೆದಿದಾಳೆ, ಕೊಟ್ಟಿಗೆಗೆ ಹಾಕ್ಕೊಂಡ್ರೆ ಹಾಳಾಗತ್ತೆ ಅಂತ ಎತ್ತಿಟ್ಟಿದೀನಿ.’ ಪ್ರತಿ ವಾರ ಇದೇ. ನನ್ನ ಬಸ್ಸಿನ ಮಾತು ಎತ್ತುವಷ್ಟರಲ್ಲಿ ಮತ್ತೆ ದೊಡ್ಡವಳು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಮಾತು ತಿರುಗಿಸಿ ಏನೋ ಜೋಕು ಹೇಳಿ ನಗಿಸುತ್ತಿದ್ದೆ. ಕೊಟ್ಟಿಗೆಗೆ ಕೇಳಿಸಿದ ನಗು ಅದು.

ಇನ್ನೊಂದು. ನಿನ್ನ ಮೊದಲ ಕಾಗದ ಬಂದಾಗ ಅವನಿಗೆ ಕೀ ಕೊಡು ಅಂತ ನಾನು ಹೇಳಲೇ ಇಲ್ಲ. ‘ನಿನ್ನಂಥ ಡ್ರೈವರ್ ಇನ್ನೊಬ್ಬ ಇಲ್ಲಪ್ಪಾ’ ಅಂದೆ. ಬೇಡ ಅನ್ನುವವಳು ನೀನಾಗು, ಮುದ್ದಿನವಳು ನಾನಾಗಿರುತ್ತೇನೆ ಅಂತ. ಆ ಲಾರಿ ಮುಂದೆ ಅವನನ್ನು ಬಿಟ್ಟಿದ್ದು ನೀನೊಬ್ಬಳೇ ಅಲ್ಲ.

ಹೋದ ಭಾನುವಾರ ಹೇಳಿದೆ. ‘ಅಪ್ಪಾ, ನಿಂಗೆ ಕಣ್ಣು ಕಾಣಲ್ಲ, ಇನ್ನು ಸ್ಟೇರಿಂಗ್ ಮುಟ್ಬೇಡ. ಇದು ಅಕ್ಕನ ಮಾತಲ್ಲ, ನಂದು.’ ಫೋನು ಇಟ್ಟುಬಿಟ್ಟ. ಈಗ ನನ್ನ ಜೊತೆಯೂ ಮಾತಿಲ್ಲ. ನಾವಿಬ್ಬರೂ ಒಂದೇ ಸಾಲಿಗೆ ಬಂದೆವು ನೋಡು.

ಅಪ್ಪನನ್ನು ಕಳಿಸಬೇಡ. ನೀನು ಓಡಿಸಲು ಕಲಿ. ಹಾರನ್ ಒತ್ತುವುದು ನಿನಗೆ ಗೊತ್ತು, ದನಗಳಿಗೆ ಅಷ್ಟು ಸಾಕು. ಮೊದಲು ಚಿಕ್ಕ ಹುಲ್ಲುಗಾವಲಿನಲ್ಲಿ. ಎಡಗಾಲನ್ನು ಮೆಲ್ಲಗೆ ಬಿಡು, ಮಲಗಿದ ಮಗುವಿನ ತಲೆಯ ಕೆಳಗಿಂದ ಕೈ ತೆಗೆಯುವ ಹಾಗೆ. ಅಪ್ಪ ನನಗೆ ಹೇಳಿಕೊಟ್ಟದ್ದು ಹಾಗೆ.

ಗುಬ್ಬಿ


ಜೂನ್ 22

ಗುಬ್ಬಿ,

ಪ್ಲಾಸ್ಟರ್ ತೆಗೆದು ಮತ್ತೆ ಬಸ್ಸು ಹತ್ತಿದ್ದೀಯ ಎಂದು ತಿಳಿಯಿತು. ನಿನ್ನ ಕೈಗಾಗಿ ದಿನಾ ಕೇಳಿಕೊಳ್ಳುತ್ತಿದ್ದೆ. ಹಾಗೆ ಕೇಳಿಕೊಳ್ಳಲು ನನಗೆ ಮುಖವಿಲ್ಲ ಎಂದು ದೇವರಿಗೆ ಹೇಳಿಯೇ ಕೇಳಿಕೊಂಡೆ.

ಸ್ವೆಟರು ಟ್ರಂಕಿನಲ್ಲಿ, ಅಮ್ಮನ ಸೀರೆಯ ಮೇಲೆ ಇತ್ತು. ಮತ್ತೆ ಅಲ್ಲೇ ಇಟ್ಟೆ.

ನೀನು ಬರೆದ ಹಾಗೆ ಚಿಕ್ಕ ಹುಲ್ಲುಗಾವಲಿಗೆ ಕುರಿಯವನ ಕೈಲಿ ಗಾಡಿ ತಂದು ನಿಲ್ಲಿಸಿಕೊಂಡೆ. ಅವನು ಪಕ್ಕದಲ್ಲಿ ಕೂತು ಎರಡೇ ದಿನಕ್ಕೆ, ‘ಅಕ್ಕಾ, ನಂಗೆ ಹೆಂಡ್ತಿ ಮಕ್ಳಿದಾರೆ’ ಎಂದು ಇಳಿದುಹೋದ. ಮೂರನೇ ದಿನ ಒಬ್ಬಳೇ ಕೂತೆ. ಮಗುವಿನ ತಲೆ, ಕೈ ಎಲ್ಲ ನೆನೆಸಿಕೊಂಡು ಕಾಲು ಬಿಟ್ಟೆ. ಗಾಡಿ ಕಪ್ಪೆಯ ಹಾಗೆ ಎಗರಿ ನಿಂತಿತು. ಮತ್ತೆ ಎಗರಿತು. ಗೇರು ಹಾಕಿದರೆ ಕಬ್ಬಿಣ ಹಲ್ಲು ಕಡಿದ ಸದ್ದು.

ಜಗುಲಿಯಿಂದ ಅಪ್ಪ ಕೂಗಿದ. ‘ಯಾವನೋ ಅವನು, ನನ್ನ ಗಾಡಿ ಕೊಲ್ತಿರೋನು?’

ಅಷ್ಟು ವಾರಗಳಲ್ಲಿ ಅವನ ಬಾಯಿಂದ ಬಂದ ಮೊದಲ ಮಾತು. ‘ನಾನೇ’ ಅಂದೆ. ಮತ್ತೆ ಎಗರಿಸಿದೆ. ಅವನಿಗೆ ತಡೆಯಲಾಗಲಿಲ್ಲ. ಬೇಲಿ ತಡವಿಕೊಂಡು ಬಂದ, ಬಾಗಿಲು ತಡವಿ ತೆಗೆದ, ಗೇಟು ತೆಗೆಯುವವಳ ಸೀಟಿನಲ್ಲಿ ಕೂತ. ‘ಹೂಂ, ಹೊರಡು’ ಅಂದ.

ಅವನಿಗೆ ಕಾಣಬೇಕಾಗಿಲ್ಲ. ಎಂಜಿನ್ನಿನ ಸದ್ದಿನಲ್ಲೇ ಎಲ್ಲ ಗೊತ್ತಾಗುತ್ತದೆ. ‘ಎರಡನೇದಕ್ಕೆ ಹಾಕು, ಅಳ್ತಿದೆ. ಬಿಡು, ಬಿಡು, ಕಾಲು ಬಿಡೇ! ಅದೇನು ಹೊಲಿಗೆ ಮಿಷನ್ನಾ ತುಳಿಯಕ್ಕೆ?’ ನೀರಿನ ತೊಟ್ಟಿಗೆ ಗಾಡಿ ಸ್ವಲ್ಪ ಉಜ್ಜಿತು. ಕಪ್ಪು ಕನ್ನಡಕ ಹಣೆಗೆ ಏರಿಸಿ, ‘ಕಣ್ಣು ಕಾಣಲ್ವೇನೇ ನಿಂಗೆ?’ ಅಂದ. ನನಗೆ ನಗು ಬಂತು. ಅವನಿಗೂ ಬಂತು. ಇಬ್ಬರೂ ಎಂಜಿನ್ ಆರಿಸಿ ನಕ್ಕೆವು. ಕೊಟ್ಟಿಗೆವರೆಗೆ ಕೇಳಿಸಿರಬೇಕು, ಕೇಳಲು ಅಲ್ಲಿ ಯಾರೂ ಇರಲಿಲ್ಲ ಅಷ್ಟೇ.

ಲೈಸೆನ್ಸ್ ಪರೀಕ್ಷೆಯ ದಿನ ಸಾಲಿನಲ್ಲಿದ್ದವರೆಲ್ಲ ಮೀಸೆ ಚಿಗುರುವ ವಯಸ್ಸಿನವರು. ‘ಅಮ್ಮಾ, ಯಾರ ಜೊತೆ ಬಂದಿದೀರಿ?’ ಎಂದು ಗುಮಾಸ್ತ ಕೇಳಿದ. ‘ದೇವರ ಜೊತೆ’ ಅಂದೆ. ಪಾಸಾದೆ.

ಮೊನ್ನೆ ಮೊದಲ ಸಲ ಆಚೆ ಹೋದೆವು. ಗೇಟಿನ ಮುಂದೆ ನಿಲ್ಲಿಸಿದೆ. ಅಭ್ಯಾಸಬಲ, ಇಳಿಯಲು ಬಾಗಿಲಿಗೆ ಕೈ ಹಾಕಿದೆ. ‘ಕೂತ್ಕೋ’ ಅಂದ ಅಪ್ಪ. ಅವನೇ ಇಳಿದ. ತಂತಿ ಹಿಡಿದು, ಕಂಬ ಹಿಡಿದು, ಅವನು ಗುದ್ದಿದ ಅದೇ ಕಂಬ, ಚಿಲಕ ಹುಡುಕಿದ. ತುಂಬ ಹೊತ್ತು ಹುಡುಕಿದ. ಎಡಕ್ಕೆ ಅಪ್ಪಾ ಎಂದು ನಾಲಿಗೆ ತುದಿಗೆ ಬಂದಿತ್ತು. ಹೇಳಲಿಲ್ಲ. ಚಿಲಕ ಸಿಕ್ಕಿತು. ಗೇಟನ್ನು ಪೂರ್ತಿ ತೆಗೆದು, ಅದಕ್ಕೆ ಬೆನ್ನು ಕೊಟ್ಟು ನೆಟ್ಟಗೆ ನಿಂತುಕೊಂಡ. ನಾನು ಅವನ ಪಕ್ಕದಲ್ಲೇ ದಾಟಿಸಿದೆ. ಗೇಟು ಹಾಕಿ, ಮತ್ತೆ ಹತ್ತಿ ಕೂತ.

ರಸ್ತೆಯ ಹತ್ತಿರ ನಿಲ್ಲಿಸಿ, ಎರಡೂ ಕಡೆ ನೋಡಿ, ಲಾರಿ ಹೋಗಲು ಬಿಟ್ಟು ದಾಟಿದೆ. ಗುಡ್ಡದ ಕೆಳಗೆ ಹಾರನ್ನು ಒತ್ತಿದೆ, ಒಂದು ಉದ್ದ, ಎರಡು ಗಿಡ್ಡ. ಬಂದವು. ಸೊರಗಿದ್ದ ಎರಡೂ ಬಂದವು.

ಭಾನುವಾರ ಫೋನು ಮಾಡು, ಈಗ ಎತ್ತುತ್ತಾನೆ. ನಿನ್ನ ದಾರಿ ಕಾಯುತ್ತಿದ್ದಾನೆ, ಬಾಯಿ ಬಿಟ್ಟು ಹೇಳುವುದಿಲ್ಲ.

ಕೊನೆಗೆ ಒಂದು ಕೇಳಬೇಕು. ನಿನಗೆ ಕಲಿಸುವಾಗ ಮಗುವಿನ ತಲೆ ಅಂತೆಲ್ಲ ಮೆತ್ತಗೆ ಹೇಳಿದ ಎಂದು ಬರೆದಿದ್ದೆ. ನನಗೆ ಒಂದು ದಿನವೂ ಹಾಗೆ ಹೇಳಲಿಲ್ಲ, ಬರೀ ಬೈಗುಳ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ, ಉಸಿರು ತೆಗೆದುಕೊಳ್ಳದೆ. ಇಷ್ಟು ಬೈಗುಳವನ್ನು ಅವನು ಇನ್ಯಾರಿಗೂ ಬೈದಿರಲಾರ ಎಂದು ನಾನು ನಂಬಿದ್ದೇನೆ. ನಿನಗೂ ಹೀಗೇ ಬೈದಿದ್ದರೆ, ದಯವಿಟ್ಟು ಬರೆಯಬೇಡ.

ಅಕ್ಕ